ಬೀಳಲು ಕಲಿಸುವವರು

ಆರು ಗಂಟೆ ಬಿದ್ದಿರಬೇಕು. ಸ್ಕೈಡೈವಿಂಗ್ ಕಲಿಸುವ ಬೋಧಕರಾಗುತ್ತೇವೆ ಎಂದು ಹೊರಟವರ ಎದುರು ಮೊದಲು ಬಂದು ನಿಲ್ಲುವ ಲೆಕ್ಕ ಇದು. ವಿಮಾನದ ಬಾಗಿಲು ಬಿಟ್ಟ ಗಳಿಗೆಯಿಂದ ಪ್ಯಾರಾಚೂಟ್ ಬಿಚ್ಚುವ ಗಳಿಗೆಯವರೆಗೆ ಗಾಳಿಯಲ್ಲಿ ಬಿದ್ದ ಹೊತ್ತನ್ನೆಲ್ಲ ಕೂಡಿಸಿದರೆ ಆರು ಗಂಟೆಯಾಗಬೇಕು. ಆಗದಿದ್ದರೆ ಯುನೈಟೆಡ್ ಸ್ಟೇಟ್ಸ್ ಪ್ಯಾರಾಚೂಟ್ ಅಸೋಸಿಯೇಷನ್ ತನ್ನ ಎಎಫ್‌ಎಫ್ (ಆಕ್ಸಲರೇಟೆಡ್ ಫ್ರೀಫಾಲ್) ಬೋಧಕರ ಕೋರ್ಸಿಗೆ ಸೇರಿಸಿಕೊಳ್ಳುವುದಿಲ್ಲ. 13,000 ಅಡಿಯಿಂದ ಜಿಗಿದವರಿಗೆ ಸಿಗುವುದು ಹೆಚ್ಚೆಂದರೆ ಒಂದು ನಿಮಿಷದ ಪತನ. ಅಂದರೆ 360 ಸಲ ವಿಮಾನ ಹತ್ತಬೇಕು, 360 ಸಲ ಬಾಗಿಲಲ್ಲಿ ನಿಲ್ಲಬೇಕು. ಪ್ರತಿ ಸಲ ಮೇಲೇರಲು ಕಾಲು ಗಂಟೆ ಎಂದು ಹಿಡಿದರೂ ಬರೇ ಏರುವುದಕ್ಕೇ 90 ಗಂಟೆ ಹೋಯಿತು.

ಈ ಲೆಕ್ಕವನ್ನು ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯಲ್ಲಿ ನಿಂತು ಹಾಕಿದರೆ ಅದಕ್ಕೆ ಬೇರೆಯದೇ ತೂಕ ಬರುತ್ತದೆ. ಹೋಬಳಿ ಕೇಂದ್ರವಾದ ಈ ಊರಿನ ಸುತ್ತ ಗದ್ದೆ, ಅಡಿಕೆ ತೋಟ, ಶುಂಠಿ, ಜೋಳ. ಇದೇ ತಾಲ್ಲೂಕಿನ ಗುಡವಿಯ ಕೆರೆಗೆ ಮಳೆಗಾಲ ಹಿಡಿಯುವ ಹೊತ್ತಿಗೆ ಬಿಳಿ ಕೆಂಬರಲುಗಳು ಬಂದು ಮರದ ತುಂಬ ಗೂಡು ಕಟ್ಟುತ್ತವೆ. ಮರಿಗಳು ಮೊದಲ ಸಲ ರೆಕ್ಕೆ ಬಿಚ್ಚುವುದನ್ನು ನೋಡಲು ಶಾಲೆ ಮಕ್ಕಳನ್ನು ಕರೆತರುತ್ತಾರೆ. 2023ರ ಫೆಬ್ರುವರಿ 27ರಂದು ಸೋಗಾನೆಯಲ್ಲಿ ಶಿವಮೊಗ್ಗದ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಮೂರು ಕಿಲೋಮೀಟರಿಗೂ ಉದ್ದದ ಓಡುದಾರಿ ಅದರದ್ದು. ವಿಮಾನ ಹತ್ತುವುದು ಜಿಲ್ಲೆಯವರಿಗೆ ಈಗ ದೂರದ ಮಾತಲ್ಲ. ಹತ್ತಿದ ವಿಮಾನದಿಂದ ನಡುದಾರಿಯಲ್ಲಿ ಇಳಿಯುವ ವಿದ್ಯೆ ಮಾತ್ರ ಇನ್ನೂ ಬಹಳ ದೂರದಲ್ಲಿದೆ.

ಕುಪ್ಪಗಡ್ಡೆಯ ಹುಡುಗಿಯೊಬ್ಬಳು ಈ ವಿದ್ಯೆಯನ್ನು ಕಲಿತು, ಕಲಿಸುವ ಹಂತಕ್ಕೂ ಬರಬೇಕೆಂದು ಹಟ ಹಿಡಿದಳು ಎಂದುಕೊಳ್ಳೋಣ. ಮನೆಯಲ್ಲಿ ಅಮ್ಮ ಕೇಳುವ ಮೊದಲ ಪ್ರಶ್ನೆ, ‘ಎಂತಕ್ಕೆ ಬೇಕಿತ್ತೇ ನಿನಗೆ ಇದು?’ ಎಂದೇ ಇರುತ್ತದೆ. ಆ ಪ್ರಶ್ನೆಗೆ ಗೌರವದಿಂದ ಉತ್ತರ ಕೊಡಬೇಕಾದರೆ ಈ ಕೆಲಸದ ಒಳಗೆ ಏನಿದೆ ಎಂಬುದನ್ನು ಸಾವಧಾನವಾಗಿ ಬಿಡಿಸಿ ಹೇಳಬೇಕು. ಹೊರಗಿನಿಂದ ನೋಡಿದವರಿಗೆ ಕಾಣುವುದು ಧೈರ್ಯ ಮಾತ್ರ. ಧೈರ್ಯದ ಪಾಲು ಇದರಲ್ಲಿ ಬಹಳ ಸಣ್ಣದು. ಇನ್ನೊಬ್ಬರ ಮೈಯ ಮೇಲೆ ಕಣ್ಣಿಟ್ಟು ಬೀಳುವ ಅಭ್ಯಾಸವೇ ಇದರ ತಿರುಳು.

ಎತ್ತರದಲ್ಲಿ ಕೆಲಸ ಮಾಡುವವರನ್ನು ಮಲೆನಾಡು ಕಾಣದೆ ಇಲ್ಲ. ಅಡಿಕೆ ಕೊಯ್ಲಿನಲ್ಲಿ ಕೊನೆಗೌಡ ಕಾಲಿಗೆ ತಳೆ ಸಿಕ್ಕಿಸಿಕೊಂಡು ಮರ ಏರುತ್ತಾನೆ, ಕೊನೆ ಎಂಬ ಅಡಿಕೆ ಗೊಂಚಲು ಕೊಯ್ದು ನೇಣಿನಲ್ಲಿ ಕೆಳಗಿಳಿಸುತ್ತಾನೆ, ಮರ ಬಾಗಿಸಿ ಕೆಳಗಿಳಿಯದೆಯೇ ಪಕ್ಕದ ಮರಕ್ಕೆ ದಾಟಿಬಿಡುತ್ತಾನೆ. ನೋಡುವವರ ಎದೆ ಝಲ್ಲೆನ್ನುತ್ತದೆ, ಅವನಿಗೆ ಅದು ದಿನದ ಕೆಲಸ. ಆದರೆ ಹೊಸ ಹುಡುಗನಿಗೆ ಮರ ಹತ್ತುವುದನ್ನು ಹೇಳಿಕೊಡುವ ದಿನ ಅದೇ ಕೊನೆಗೌಡನ ಕಣ್ಣು ಕೊನೆಯ ಮೇಲಿರುವುದಿಲ್ಲ, ಹುಡುಗನ ಮೊಣಕಾಲ ಮೇಲೆ, ತಳೆಯ ಮೇಲೆ, ಅವನು ಉಸಿರು ಬಿಡುವ ರೀತಿಯ ಮೇಲೆ ಇರುತ್ತದೆ. ತಾನು ಹತ್ತುವುದನ್ನು ಅವನ ಮೈ ಮರೆತೇಬಿಟ್ಟಿರಬೇಕು, ಆಗ ಮಾತ್ರ ಗಮನ ಪೂರ್ತಿ ಹುಡುಗನಿಗೆ ಸಿಗುತ್ತದೆ. ಆರು ಗಂಟೆಯ ಪತನವನ್ನು ಕೇಳುವುದೂ ಇದೇ ಕಾರಣಕ್ಕೆ. ಗಾಳಿಯಲ್ಲಿ ತನ್ನ ಮೈ ಏನು ಮಾಡುತ್ತಿದೆ ಎಂದು ಯೋಚಿಸುವವರು ಪಕ್ಕದವರನ್ನು ನೋಡಲಾರರು. ಈಗ ಕಾರ್ಬನ್ ಫೈಬರಿನ ಉದ್ದನೆಯ ದೋಟಿಗಳು ಬಂದು ನೆಲದಲ್ಲೇ ನಿಂತು ಕೊನೆ ಇಳಿಸುವ ಕಾಲ ಬಂದಿದೆ. ಕೊನೆಗೌಡರ ಕಷ್ಟ ಕಮ್ಮಿಯಾಯಿತು ಎಂಬುದು ಸಂತೋಷವೇ. ಆದರೂ ಎತ್ತರವನ್ನು ಮೈಯಿಂದ ಮೈಗೆ ಕಲಿಸುತ್ತಿದ್ದ ಒಂದು ಪಾಠಶಾಲೆ ನಮ್ಮ ತೋಟಗಳಲ್ಲಿ ಇತ್ತು ಎಂಬುದನ್ನು ಮರೆಯಬಾರದು.

ಎಎಫ್‌ಎಫ್ ಎಂಬ ಕಲಿಕೆಯ ಕ್ರಮ ರೂಪುಗೊಂಡದ್ದು 1980ರ ದಶಕದ ಆರಂಭದಲ್ಲಿ. ಅದಕ್ಕೂ ಮೊದಲು ಹೊಸಬರು ಕಡಿಮೆ ಎತ್ತರದಿಂದ ಜಿಗಿಯುತ್ತಿದ್ದರು, ವಿಮಾನಕ್ಕೆ ಕಟ್ಟಿದ ಪಟ್ಟಿಯೇ ಅವರ ಪ್ಯಾರಾಚೂಟನ್ನು ಎಳೆದು ಬಿಚ್ಚುತ್ತಿತ್ತು. ಹೊಸ ಕ್ರಮದಲ್ಲಿ ವಿದ್ಯಾರ್ಥಿ ಮೊದಲ ಜಿಗಿತದಲ್ಲೇ ಪೂರ್ತಿ ಎತ್ತರದಿಂದ ಇಳಿಯುತ್ತಾನೆ. ಅವನ ಎಡಕ್ಕೊಬ್ಬರು ಬಲಕ್ಕೊಬ್ಬರು ಬೋಧಕರು ಅವನ ಉಡುಪಿನ ಹಿಡಿಕೆಗಳನ್ನು ಹಿಡಿದುಕೊಂಡೇ ಬೀಳುತ್ತಾರೆ. ಗಂಟೆಗೆ ಸುಮಾರು 190 ಕಿಲೋಮೀಟರ್ ವೇಗದ ಗಾಳಿಯಲ್ಲಿ ಮಾತು ಕೇಳಿಸುವುದಿಲ್ಲ. ಹಾಗಾಗಿ ಪಾಠವೆಲ್ಲ ಕೈಸನ್ನೆಯಲ್ಲಿ. ಎರಡು ಬೆರಳು ಚಾಚಿದರೆ ಕಾಲು ಚಾಚು, ಅದೇ ಬೆರಳು ಮಡಿಸಿದರೆ ಕಾಲು ಮಡಿಸು, ಹೆಬ್ಬೆರಳು ಕೆಳಗೆ ತೋರಿಸಿದರೆ ಸೊಂಟ ಮುಂದೆ ತಳ್ಳಿ ಬೆನ್ನು ಬಾಗಿಸು, ಕೈ ಅಲುಗಾಡಿಸಿದರೆ ಮೈ ಸಡಿಲ ಬಿಡು. ತೋರುಬೆರಳೊಂದನ್ನೇ ಚಾಚಿದರೆ ಪ್ಯಾರಾಚೂಟ್ ಎಳಿ, ಈಗಲೇ. ನೆಲದ ಮೇಲೆ ಹತ್ತಾರು ಸಲ ಒಪ್ಪಿಸಿದ ಈ ಸನ್ನೆಗಳೇ ಗಾಳಿಯಲ್ಲಿ ಕೆಲವೊಮ್ಮೆ ವಿದ್ಯಾರ್ಥಿಗೆ ಅರ್ಥವಾಗದೆ ಹೋಗುತ್ತವೆ. ಭಯ ಕಣ್ಣನ್ನು ಕಟ್ಟಿಬಿಡುತ್ತದೆ. ಅವನು ಸನ್ನೆಯನ್ನು ನೋಡುತ್ತಿದ್ದಾನೆಯೋ, ಸುಮ್ಮನೆ ಕಣ್ಣು ತೆರೆದಿದ್ದಾನೆಯೋ ಎಂಬುದನ್ನು ಒಂದೆರಡು ಸೆಕೆಂಡಿನಲ್ಲಿ ತಿಳಿದುಕೊಳ್ಳುವುದು ಬೋಧಕರ ಕೆಲಸ.

ಕೋರ್ಸಿನ ಪರೀಕ್ಷೆಯೂ ಇದನ್ನೇ ಅಳೆಯುತ್ತದೆ. ಅಲ್ಲಿ ನಿಜವಾದ ವಿದ್ಯಾರ್ಥಿ ಇರುವುದಿಲ್ಲ. ಪರೀಕ್ಷಕರೇ ವಿದ್ಯಾರ್ಥಿಯ ವೇಷ ಹಾಕುತ್ತಾರೆ. ಸನ್ನೆ ಕಂಡರೂ ಕಾಣದಂತಿರುತ್ತಾರೆ, ಒಂದು ಕಾಲು ಮಡಿಸಿ ಗಿರಗಿರ ತಿರುಗತೊಡಗುತ್ತಾರೆ, ಅಂಗಾತವಾಗಿ ಬಿಡುತ್ತಾರೆ, ಎಳೆಯಬೇಕಾದ ಎತ್ತರ ಬಂದರೂ ಎಳೆಯದೆ ಸುಮ್ಮನಿರುತ್ತಾರೆ. ಅಭ್ಯರ್ಥಿ ಹಾರಿಹೋಗಿ ಅವರನ್ನು ಹಿಡಿಯಬೇಕು, ತಿರುಗುವುದನ್ನು ನಿಲ್ಲಿಸಬೇಕು, ಅಂಗಾತ ಬಿದ್ದ ಮೈಯನ್ನು ಮತ್ತೆ ಬೋರಲು ಮಾಡಬೇಕು, ಕೊನೆಗೆ ಅವರ ಪ್ಯಾರಾಚೂಟನ್ನು ತಾನೇ ಎಳೆದುಕೊಡಬೇಕು. ವಿದ್ಯಾರ್ಥಿಗಳು ಪ್ಯಾರಾಚೂಟ್ ಬಿಚ್ಚಬೇಕಾದ ಎತ್ತರ 5,500 ಅಡಿಯ ಆಸುಪಾಸು. ಸಾವಿರ ಅಡಿ ಕಳೆಯಲು ಐದೂವರೆ ಸೆಕೆಂಡು ಸಾಕು. ಸುಮಾರು 2,000 ಅಡಿಗೆ ಬಂದಮೇಲೆ ಬೋಧಕರು ವಿದ್ಯಾರ್ಥಿಯನ್ನು ಬಿಟ್ಟು ತಮ್ಮ ಪ್ಯಾರಾಚೂಟ್ ಬಿಚ್ಚಿಕೊಳ್ಳಲೇಬೇಕು. ನಡುವೆ ಉಳಿಯುವುದು ಇಪ್ಪತ್ತು ಸೆಕೆಂಡಿಗಿಂತ ಕಮ್ಮಿ.

ಆ ಎತ್ತರದಲ್ಲಿ ಬಿಟ್ಟುಬಿಡುವುದು ಈ ವೃತ್ತಿಯ ಅತ್ಯಂತ ಕಠಿಣ ಪಾಠ ಎಂದೇ ತೋರುತ್ತದೆ. ಹಿಡಿದವರನ್ನು ಕೈಬಿಡಬಾರದು ಎಂದು ಬೆಳೆದ ನಮಗೆ ಅದು ಒಗ್ಗುವುದಿಲ್ಲ. ಆದರೆ ಬೋಧಕ ಕೆಳಗಿಳಿದಷ್ಟೂ ಸಾಯುವವರು ಒಬ್ಬರ ಬದಲು ಇಬ್ಬರಾಗುತ್ತಾರೆ. ಬಿಟ್ಟ ವಿದ್ಯಾರ್ಥಿಗೆ ಇನ್ನೊಂದು ಆಸರೆ ಇದೆ. 1991ರಲ್ಲಿ ಜರ್ಮನಿಯ ಹೆಲ್ಮುಟ್ ಕ್ಲೋಟ್ ಹೊರತಂದ ಸೈಪ್ರೆಸ್ ಎಂಬ ಪುಟ್ಟ ಯಂತ್ರ ಬೆನ್ನಿನ ಚೀಲದೊಳಗೆ ಕೂತು ಎತ್ತರ ಮತ್ತು ವೇಗವನ್ನು ಲೆಕ್ಕ ಹಾಕುತ್ತಲೇ ಇರುತ್ತದೆ. ಸುಮಾರು 750 ಅಡಿಯಲ್ಲೂ ಮನುಷ್ಯ ಅದೇ ವೇಗದಲ್ಲಿ ಬೀಳುತ್ತಿದ್ದರೆ ಮೀಸಲು ಪ್ಯಾರಾಚೂಟಿನ ಚೀಲ ಮುಚ್ಚಿದ ಹುರಿಯನ್ನು ತಾನೇ ಕತ್ತರಿಸುತ್ತದೆ. ಬಿಚ್ಚಿದ ಪ್ಯಾರಾಚೂಟ್ ಸಿಕ್ಕುಬಿದ್ದರೆ ಅದನ್ನು ಕಳಚಿ ಎಸೆಯಲು ಬಿಲ್ ಬೂತ್ 1976ರ ಹೊತ್ತಿಗೆ ರೂಪಿಸಿದ ಮೂರು ಉಂಗುರಗಳ ಕೊಂಡಿ ಇದೆ. ಒಂದರೊಳಗೊಂದು ಮಡಚಿದ ಮೂರು ಉಂಗುರಗಳು ಇಡೀ ದೇಹದ ಭಾರವನ್ನು ಒಂದು ಸಣ್ಣ ದಾರದ ಕುಣಿಕೆಗೆ ತಂದು ನಿಲ್ಲಿಸುತ್ತವೆ. ಹಿಡಿಕೆ ಎಳೆದರೆ ಕ್ಷಣದಲ್ಲಿ ಬಿಡುಗಡೆ. ಕುಪ್ಪಗಡ್ಡೆಯ ಅಮ್ಮನಿಗೆ ಹೇಳಬೇಕಾದ ಮೊದಲ ಮಾತುಗಳು ಇವೇ. ಮಗಳ ಬೆನ್ನಿಗೆ ಒಂದಲ್ಲ ಎರಡು ಪ್ಯಾರಾಚೂಟ್ ಇರುತ್ತವೆ, ಅವಳ ಕೈ ಸೋತರೂ ಸೋಲದ ಯಂತ್ರವೊಂದು ಜೊತೆಗಿರುತ್ತದೆ.

ತಿರುಗುವ ಮೈಯ ಅಪಾಯ ಎಂಥದ್ದು ಎಂಬುದಕ್ಕೆ ಜೋ ಕಿಟಿಂಜರ್ ಬದುಕಿಗಿಂತ ದೊಡ್ಡ ಉದಾಹರಣೆ ಬೇಡ. ಅಮೆರಿಕದ ವಾಯುಪಡೆಯ ಈ ಅಧಿಕಾರಿ 1959ರ ನವೆಂಬರಿನಲ್ಲಿ ಬಲೂನಿನಿಂದ ಜಿಗಿದಾಗ ವೇಗವಾಗಿ ತಿರುಗುತ್ತ ಪ್ರಜ್ಞೆ ತಪ್ಪಿದರು. ತಾನಾಗಿ ಬಿಚ್ಚಿಕೊಂಡ ಪ್ಯಾರಾಚೂಟ್ ಅವರನ್ನು ಉಳಿಸಿತು. ಮರುವರ್ಷ, 1960ರ ಆಗಸ್ಟ್ 16ರಂದು, ಅವರೇ 31 ಕಿಲೋಮೀಟರಿಗೂ ಮಿಕ್ಕ ಎತ್ತರದಿಂದ ಜಿಗಿದರು. ಆ ದಾಖಲೆ ಅರ್ಧ ಶತಮಾನ ಹಾಗೇ ಉಳಿಯಿತು. 2012ರ ಅಕ್ಟೋಬರ್ 14ರಂದು ಆಸ್ಟ್ರಿಯಾದ ಫೆಲಿಕ್ಸ್ ಬಾಮ್‌ಗಾರ್ಟ್ನರ್ ಸುಮಾರು 39 ಕಿಲೋಮೀಟರ್ ಎತ್ತರದಿಂದ ಜಿಗಿದು ಅದನ್ನು ಮುರಿದರು. ಅವರೂ ದಾರಿಯಲ್ಲಿ ಬುಗುರಿಯಂತೆ ತಿರುಗಿದರು, ಆದರೆ ಮೈಯನ್ನು ಹತೋಟಿಗೆ ತಂದುಕೊಂಡರು. ಅಂದು ನೆಲದ ಮೇಲೆ ಕೂತು ರೇಡಿಯೊದಲ್ಲಿ ಬಾಮ್‌ಗಾರ್ಟ್ನರ್ ಜೊತೆ ಮಾತಾಡುತ್ತಿದ್ದವರು, ಜಿಗಿಯುವ ಮೊದಲು ಮಾಡಬೇಕಾದ ಒಂದೊಂದೇ ಕೆಲಸವನ್ನು ಹೇಳಿ ಮಾಡಿಸಿದವರು, 84 ವರ್ಷದ ಕಿಟಿಂಜರ್. ತನ್ನ ದಾಖಲೆ ಮುರಿಯುವವನನ್ನು ತಾನೇ ಕೈಹಿಡಿದು ಬಾಗಿಲವರೆಗೆ ನಡೆಸಿಕೊಂಡು ಬಂದ ಆ ಮುದುಕರ ದನಿಯಲ್ಲಿ ಅವಸರವಿರಲಿಲ್ಲ. ಬೋಧಕರಾಗಲು ಹೊರಟವರು ಜಿಗಿತದ ಚಿತ್ರಕ್ಕಿಂತ ಆ ದನಿಯನ್ನು ಕೇಳಬೇಕು.

ಭಾರತದಲ್ಲಿ ಈ ವಿದ್ಯೆ ಬೆಳೆದದ್ದು ಸೈನ್ಯದ ಅಂಗಳದಲ್ಲಿ. 1941ರಲ್ಲಿ ಪ್ಯಾರಾಚೂಟ್ ಬ್ರಿಗೇಡ್ ಕಟ್ಟುವಾಗ ಮೊದಲು ಜಿಗಿದ ಭಾರತೀಯರಲ್ಲಿ ಎ. ಜಿ. ರಂಗರಾಜ್ ಎಂಬ ವೈದ್ಯರಿದ್ದರು. ಹತ್ತು ವರ್ಷದ ಬಳಿಕ ಕೊರಿಯಾ ಯುದ್ಧದಲ್ಲಿ ಅದೇ ರಂಗರಾಜ್ ತಮ್ಮ ವೈದ್ಯಕೀಯ ತಂಡದ ಕೆಲವರೊಂದಿಗೆ ಅಮೆರಿಕನ್ ಸೈನಿಕರ ಜೊತೆ ಪ್ಯಾರಾಚೂಟಿನಲ್ಲಿ ಇಳಿದು ಗಾಯಾಳುಗಳ ಆರೈಕೆ ಮಾಡಿದರು. ದೇಶ ವಿಭಜನೆಗೆ ಮೊದಲು ತರಬೇತಿ ಶಾಲೆ ರಾವಲ್ಪಿಂಡಿ ಬಳಿಯ ಚಕ್ಲಾಲಾದಲ್ಲಿತ್ತು, ವಿಭಜನೆಯ ಬಳಿಕ ಆಗ್ರಾಕ್ಕೆ ಬಂತು. ಇಂದಿಗೂ ಸೈನ್ಯದ ಪ್ಯಾರಾಟ್ರೂಪರುಗಳು ರೆಕ್ಕೆಯ ಲಾಂಛನ ಗಳಿಸುವುದು ಅಲ್ಲೇ, ಅವರಿಗೆ ಜಿಗಿಯಲು ಕಲಿಸುವವರು ವಾಯುಪಡೆಯ ಬೋಧಕರು. ಕ್ರಿಕೆಟ್ ಆಟಗಾರ ಮಹೇಂದ್ರ ಸಿಂಗ್ ಧೋನಿ 2015ರಲ್ಲಿ ಆಗ್ರಾದಲ್ಲಿ ಐದು ಜಿಗಿತ ಮುಗಿಸಿದ್ದು ಪತ್ರಿಕೆಗಳಲ್ಲಿ ಬಂತು. ಜಿಗಿಯುವ ಮೊದಲು ಅವರು ನೆಲದ ಮೇಲೆ ಬೀಳುವುದನ್ನು ದಿನಗಟ್ಟಲೆ ಅಭ್ಯಾಸ ಮಾಡಿದ್ದು ಅಷ್ಟಾಗಿ ಯಾರ ಗಮನಕ್ಕೂ ಬರಲಿಲ್ಲ. ಎರಡೂ ಪಾದ, ಎರಡೂ ಮೊಣಕಾಲು ಜೋಡಿಸಿ, ಪಾದದಿಂದ ಮೀನಖಂಡಕ್ಕೆ, ಅಲ್ಲಿಂದ ತೊಡೆಗೆ, ಪೃಷ್ಠಕ್ಕೆ, ಬೆನ್ನಿನ ಪಕ್ಕಕ್ಕೆ ಪೆಟ್ಟನ್ನು ಹಂಚುತ್ತ ಉರುಳುವ ಆ ಪಾಠ ನೂರು ಸಲ ಮಾಡಿದರೂ ಮುಗಿಯುವುದಿಲ್ಲ.

ಕನ್ನಡ ನಾಡಿಗೂ ಇದರ ನಂಟಿದೆ. ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರ 1992ರಿಂದ ಬೆಂಗಳೂರಿನಲ್ಲೇ ಇದೆ. ಮೈಸೂರು ದಸರೆಯ ಸಾಹಸ ಕ್ರೀಡೆಗಳಲ್ಲಿ ಮಂಡಕಳ್ಳಿಯ ವಿಮಾನ ನಿಲ್ದಾಣದಿಂದ ಸ್ಕೈಡೈವಿಂಗ್ ನಡೆದದ್ದನ್ನು ಹಲವರು ನೋಡಿದ್ದಾರೆ. ಅಲ್ಲಿ ಜಿಗಿದವರಲ್ಲಿ ಹೆಚ್ಚಿನವರು ಬೋಧಕರ ಎದೆಗೆ ಕಟ್ಟಿಸಿಕೊಂಡು ಬಂದವರು, ಟ್ಯಾಂಡಮ್ ಎನ್ನುತ್ತಾರಲ್ಲ, ಅದು. ಆ ಬೋಧಕರ ಅರ್ಹತೆ ಇನ್ನೂ ಬಿಗಿ. ಕನಿಷ್ಠ 500 ಜಿಗಿತ, ಈ ಕ್ರೀಡೆಯಲ್ಲಿ ಮೂರು ವರ್ಷದ ಅನುಭವ, ವೈದ್ಯರ ಪ್ರಮಾಣಪತ್ರ. ಇಬ್ಬರ ಭಾರ ಒಟ್ಟಿಗೆ ಬೀಳುವಾಗ ವೇಗ ಮಿತಿ ಮೀರದಿರಲಿ ಎಂದು ಡ್ರೋಗ್ ಎಂಬ ಪುಟ್ಟ ಪ್ಯಾರಾಚೂಟನ್ನು ಜಿಗಿದ ಕೂಡಲೇ ಹಿಂದಕ್ಕೆ ಬಿಡುತ್ತಾರೆ. ಕೋರ್ಸಿನಲ್ಲಿ ಅಭ್ಯರ್ಥಿಯ ಎದೆಗೆ ಕಟ್ಟಿಕೊಳ್ಳುವ ಮೊದಲ ಪ್ರಯಾಣಿಕ ಮತ್ತೆ ಪರೀಕ್ಷಕರೇ.

ಹೆಣ್ಣುಮಗಳು ಎಂಬ ಕಾರಣಕ್ಕೆ ಹಿಂಜರಿಯುವವರಿಗೆ ಎರಡು ಹೆಸರು ಹೇಳಬೇಕು. ರೈಲ್ವೆ ನೌಕರರಾಗಿದ್ದ ರೇಚಲ್ ಥಾಮಸ್ 1979ರಲ್ಲಿ ಮೊದಲ ಸಲ ಜಿಗಿದರು, 2002ರಲ್ಲಿ ಉತ್ತರ ಧ್ರುವದ ಮೇಲೆ ಇಳಿದರು, 2005ರಲ್ಲಿ ಪದ್ಮಶ್ರೀ ಪಡೆದರು. ಪುಣೆಯ ಶೀತಲ್ ಮಹಾಜನ್ 2004ರಲ್ಲಿ ಉತ್ತರ ಧ್ರುವದಲ್ಲಿ ಜಿಗಿದದ್ದು ಅವರ ಬದುಕಿನ ಮೊದಲ ಜಿಗಿತ. ಎರಡು ವರ್ಷದಲ್ಲಿ ದಕ್ಷಿಣ ಧ್ರುವದಲ್ಲೂ ಜಿಗಿದರು. 2018ರಲ್ಲಿ ಥಾಯ್ಲೆಂಡಿನಲ್ಲಿ ಒಂಬತ್ತು ಗಜದ ಸೀರೆಯುಟ್ಟು ಜಿಗಿದರು. ಇವರಿಬ್ಬರ ದಾರಿ ಸುಲಭವಾಗಿತ್ತು ಎಂದಲ್ಲ, ದಾರಿ ಇದೆ ಎಂದು ತೋರಿಸಿದವರು ಅವರು.

ಬೋಧಕಳಾಗಲು ಹೊರಟ ಹುಡುಗಿಗೆ ಮೈತೂಕವೂ ಒಂದು ಪಾಠ. ಐವತ್ತು ಕಿಲೋ ತೂಕದವಳು ತೊಂಬತ್ತು ಕಿಲೋದ ವಿದ್ಯಾರ್ಥಿಯ ಪಕ್ಕ ಬೀಳಬೇಕಾದರೆ ಅವಳು ಹಿಂದುಳಿಯುತ್ತಾಳೆ, ಅಂದರೆ ಮೇಲುಳಿಯುತ್ತಾಳೆ. ಅದಕ್ಕಾಗಿ ಸೀಸದ ಗುಂಡುಗಳ ಪಟ್ಟಿ ಕಟ್ಟಿಕೊಳ್ಳುತ್ತಾರೆ, ಮೈಗಂಟಿದ ಉಡುಪು ತೊಡುತ್ತಾರೆ. ಭಾರವಿದ್ದವರು ಗಾಳಿ ತುಂಬುವ ದೊಗಲೆ ಉಡುಪು ಹಾಕಿಕೊಳ್ಳುತ್ತಾರೆ. ಗಾಲಿಗಳ ಹಲಗೆಯ ಮೇಲೆ ಬೋರಲು ಮಲಗಿ ನೆಲದಲ್ಲೇ ವಿದ್ಯಾರ್ಥಿಯ ಸುತ್ತ ಸರಿದಾಡುತ್ತ ಹಿಡಿತಗಳನ್ನು ರೂಢಿಸಿಕೊಳ್ಳುವುದು, ಜಿಗಿತದ ಪ್ರತಿ ಹೆಜ್ಜೆಯನ್ನೂ ಮೈದಾನದಲ್ಲಿ ನಡೆದು ತೋರಿಸುವುದು, ಇಳಿದ ಮೇಲೆ ವಿಡಿಯೊ ಹಾಕಿ ಎಲ್ಲಿ ತಡವಾಯಿತು ಎಂದು ನೋಡುವುದು, ಮತ್ತೆ ಅದನ್ನೇ ಮಾಡುವುದು. ಕೋರ್ಸಿಗೆ ತಿಂಗಳುಗಳ ಮೊದಲೇ ಈ ಕೆಲಸ ಶುರುವಾಗಬೇಕು. ಇನ್ನೊಬ್ಬ ಅನುಭವಿ ಬೋಧಕರ ಕಣ್ಣೆದುರು ಮೊದಲ ಜಿಗಿತದ ಪಾಠವನ್ನು ತಾನು ಮಾಡಿ ತೋರಿಸಬೇಕು, ಅರ್ಹತೆಯ ಕಾರ್ಡಿನಲ್ಲಿ ಅವರ ಸಹಿ ಬೀಳಬೇಕು. ಪಾಠ ಹೇಳಲು ಬಾರದವರು ಎಷ್ಟು ಚೆನ್ನಾಗಿ ಹಾರಿದರೂ ಅಲ್ಲಿಗೇ ನಿಲ್ಲುತ್ತಾರೆ.

ಮಳೆಯ ಮಾತೂ ಬರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಆಕಾಶ ಮುಚ್ಚಿಯೇ ಇರುತ್ತದೆ. ನೆಲ ಕಾಣದೆ ಜಿಗಿಯುವಂತಿಲ್ಲ, ಗಾಳಿ ಗಂಟೆಗೆ 22 ಕಿಲೋಮೀಟರ್ ದಾಟಿದರೆ ವಿದ್ಯಾರ್ಥಿಗಳನ್ನು ಕಳಿಸುವಂತಿಲ್ಲ. ಕೊಳೆರೋಗಕ್ಕೆ ಬೋರ್ಡೋ ಹೊಡೆಯಲು ಎರಡು ಬಿಸಿಲಿನ ದಿನ ಕಾಯುವ ತೋಟದವರಿಗೆ ಈ ಕಾಯುವಿಕೆ ಹೊಸದಲ್ಲ. ಹವಾಮಾನದ ಹಂಗಿಲ್ಲದ ಅಭ್ಯಾಸಕ್ಕೆ ಗಾಳಿಸುರಂಗ ಬೇಕು. ದೊಡ್ಡ ಫ್ಯಾನುಗಳು ಕೆಳಗಿನಿಂದ ಗಾಳಿ ಬೀಸಿ ಮನುಷ್ಯರನ್ನು ತೇಲಿಸುವ ಗಾಜಿನ ಕೊಳವೆ ಅದು. ಹೈದರಾಬಾದಿನಲ್ಲಿ ಅಂಥದ್ದೊಂದು ಶುರುವಾಗಿದೆ. ಅಲ್ಲಿ ಕಳೆದ ಹತ್ತು ನಿಮಿಷ ಆಕಾಶದ ಹತ್ತು ಜಿಗಿತಗಳಷ್ಟು ಮೈಹತೋಟಿ ಕಲಿಸಬಲ್ಲದು. ಆರು ಗಂಟೆಯ ಲೆಕ್ಕಕ್ಕೆ ಮಾತ್ರ ಅದು ಸೇರುವುದಿಲ್ಲ.

ಇನ್ನು ದುಡ್ಡು. ಅಮೆರಿಕದಲ್ಲಿ ಲೈಸೆನ್ಸ್ ಇದ್ದವರ ಒಂದು ಜಿಗಿತಕ್ಕೆ ಸುಮಾರು 30 ಡಾಲರ್ ಎಂದರೂ 500 ಜಿಗಿತಕ್ಕೆ 15,000 ಡಾಲರ್. ವಿಮಾನ ಟಿಕೆಟ್, ವಸತಿ, ಸ್ವಂತ ಪ್ಯಾರಾಚೂಟ್, ಕೋರ್ಸಿನ ಶುಲ್ಕ ಇದರ ಮೇಲೆ. ಎರಡೆಕರೆ ತೋಟದ ಮನೆಗೆ ಇದು ಹೊರಲಾಗದ ಹೊರೆ. ಸಾಹಸಕ್ಕೆ ಬೇಕಾದ ಮೈಮನಸ್ಸು ಹಳ್ಳಿಗಳಲ್ಲಿದೆ, ಸಾಹಸ ಕಲಿಯುವ ಅವಕಾಶ ಹಣವಿದ್ದವರಲ್ಲಿದೆ ಎಂಬುದು ನೋವಿನ ಸಂಗತಿ, ಅದನ್ನು ನೋವಿನಿಂದಲೇ ಹೇಳಬೇಕು. ಕೇಂದ್ರ ಸರ್ಕಾರ 2022ರ ಜೂನ್ 7ರಂದು ರಾಷ್ಟ್ರೀಯ ವಾಯುಕ್ರೀಡಾ ನೀತಿಯನ್ನು ಪ್ರಕಟಿಸಿತು. ಪ್ಯಾರಾಚೂಟಿಂಗ್ ಸೇರಿ ಹನ್ನೊಂದು ಕ್ರೀಡೆಗಳನ್ನು ಒಂದು ಒಕ್ಕೂಟದಡಿ ತರುವ ಯೋಚನೆ ಅದರಲ್ಲಿದೆ. 2024ರ ಜುಲೈ 13ರಂದು, ಮೊದಲ ವಿಶ್ವ ಸ್ಕೈಡೈವಿಂಗ್ ದಿನದಂದು, ಕೇಂದ್ರ ಪ್ರವಾಸೋದ್ಯಮ ಸಚಿವ ಗಜೇಂದ್ರ ಸಿಂಗ್ ಶೆಖಾವತ್ ಹರಿಯಾಣದ ನಾರ್ನೌಲ್‌ನಲ್ಲಿ ತಾವೇ ಜಿಗಿದರು. ಒಳ್ಳೆಯದಾಯಿತು. ಬೆಂಗಳೂರಿನಲ್ಲಿ ಜನರಲ್ ತಿಮ್ಮಯ್ಯ ಹೆಸರಿನ ಸಾಹಸ ಅಕಾಡೆಮಿ ಇದೆ, ಮೈಸೂರು, ಶಿವಮೊಗ್ಗಗಳಲ್ಲಿ ಓಡುದಾರಿಗಳಿವೆ. ವರ್ಷಕ್ಕೆ ನಾಲ್ಕಾರು ಹಳ್ಳಿಯ ಮಕ್ಕಳಿಗೆ ಮೊದಲ 25 ಜಿಗಿತಗಳ ಖರ್ಚನ್ನು ಕೊಡುವ ಒಂದು ವಿದ್ಯಾರ್ಥಿವೇತನ ಕರ್ನಾಟಕಕ್ಕೆ ಭಾರವಾಗದು. ಆ 25ರ ಬಳಿಕ ಸಿಗುವುದೇ ಎ ಲೈಸೆನ್ಸ್. ಬಿ ಲೈಸೆನ್ಸಿಗೆ 50 ಜಿಗಿತ, ಕೋಚ್ ಆಗಲು 100, ಸಿ ಲೈಸೆನ್ಸಿಗೆ 200.

ಕನ್ನಡ ಬಲ್ಲ ಬೋಧಕರು ಏಕೆ ಬೇಕು ಎಂದು ಯಾರಾದರೂ ಕೇಳಬಹುದು. ಗಾಳಿಯಲ್ಲಿ ಹೇಗೂ ಮಾತಿಲ್ಲವಲ್ಲ! ಆದರೆ ನೆಲದ ಪಾಠ ಆರೆಂಟು ಗಂಟೆಯದು, ಅದೆಲ್ಲ ಮಾತೇ. ವಿಮಾನದ ಬಾಗಿಲ ಬಳಿ ವಿದ್ಯಾರ್ಥಿಯ ತುಟಿ ಒಣಗಿದಾಗ ಬೋಧಕರು ಅವನ ಕಿವಿಗೆ ಬಾಯಿಟ್ಟು ಹೇಳುವ ಕೊನೆಯ ಎರಡು ವಾಕ್ಯವೂ ಮಾತೇ. ‘ಗಲ್ಲ ಮೇಲೆತ್ತು, ಸೊಂಟ ಮುಂದೆ ತಳ್ಳು, ನಾ ಇದ್ದೀನಿ’ ಎಂಬುದನ್ನು ಜಡೆಯ, ಆನವಟ್ಟಿಯ, ಶಿಕಾರಿಪುರದ ಹುಡುಗ ತನ್ನ ಭಾಷೆಯಲ್ಲಿ ಕೇಳಿದರೆ ಅವನ ಮೈ ಸಡಿಲಾಗುತ್ತದೆ. ಸಡಿಲಾದ ಮೈ ನೆಟ್ಟಗೆ ಬೀಳುತ್ತದೆ.

ಕುಪ್ಪಗಡ್ಡೆಯಿಂದ ಹೊರಡುವವಳು ಈಗ ಮಾಡಬಹುದಾದದ್ದು ಇಷ್ಟಿದೆ. ಕಿವಿ, ಕಣ್ಣು, ಬೆನ್ನುಮೂಳೆಯ ತಪಾಸಣೆ ಮಾಡಿಸಿಕೊಳ್ಳಬೇಕು, ಏಕೆಂದರೆ ಎತ್ತರದ ಒತ್ತಡ ಬದಲಾಗುವುದನ್ನು ಮೊದಲು ತಾಳಬೇಕಾದ್ದು ಕಿವಿ. ದಿನಾ ಬೋರಲು ಮಲಗಿ ಎದೆ, ತೊಡೆ ನೆಲದಿಂದ ಎತ್ತಿ ಒಂದು ನಿಮಿಷ ಹಿಡಿಯುವ ಅಭ್ಯಾಸ ಶುರುಮಾಡಬೇಕು, ಪತನದ ಪೂರ್ತಿ ಹೊತ್ತು ಬೆನ್ನು ಇರಬೇಕಾದ್ದು ಹಾಗೆಯೇ. ಊರಿನ ಶಾಲೆಯ ಮಕ್ಕಳಿಗೆ ಈಜೋ, ಸೈಕಲ್ಲೋ, ಯಾವುದಾದರೊಂದನ್ನು ಕಲಿಸಲು ಕೂರಬೇಕು, ಹೆದರಿದ ಮಗುವನ್ನು ಹಿಡಿಯುವುದು ಯಾವಾಗ, ಬಿಡುವುದು ಯಾವಾಗ ಎಂಬುದು ಅಲ್ಲಿಯೂ ಗೊತ್ತಾಗುತ್ತದೆ. ಮಳೆ ನಿಂತು ಆಕಾಶ ತೆರೆದ ಮೇಲೆ ನಾರ್ನೌಲ್‌ಗೆ ಹೋಗುವ ರೈಲಿನ ಟಿಕೆಟ್ ಮಾಡಿಸಬೇಕು. ಟ್ಯಾಂಡಮ್ ಬೋಧಕಳಾಗಲು ಮೂರು ವರ್ಷ ಬೇಕೇ ಬೇಕು ಎಂಬ ನಿಯಮವಿರುವುದರಿಂದ ಆ ಮೂರು ವರ್ಷದ ಎಣಿಕೆ ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು.